ಅಂದಾಜಿಗೆ ಸಿಗದ ಟ್ರಾಫಿಕ್‌ಗೆ ತಕ್ಕಂತೆ ನೆಟ್‌ವರ್ಕ್ ಕಟ್ಟುವ ಬಗೆ

ಮುಂಬಯಿಯಲ್ಲಿ ಕನ್ನಡಿಗರು ನಡೆಸುವ ಒಂದು ಸಹಕಾರಿ ಸಂಘದ ಐದು ಶಾಖೆಗಳನ್ನು, ಅಂದರೆ ಫೋರ್ಟ್, ಮಾಟುಂಗ, ಅಂಧೇರಿ, ಠಾಣೆ ಮತ್ತು ಡೊಂಬಿವಲಿಗಳನ್ನು, ಜೋಡಿಸುವ ಹೊಣೆ ನನ್ನ ಪಾಲಿಗೆ ಬಂದಿತ್ತು. ಯಾವ ಶಾಖೆಯಿಂದ ಯಾವ ಶಾಖೆಗೆ ಎಷ್ಟು ಮಾಹಿತಿ ಹರಿಯುತ್ತದೆ ಎಂದು ಮೂರು ತಿಂಗಳು ಅಳೆದು, ಆ ಅಳತೆಗೆ ಸರಿಹೊಂದುವ ಲಿಂಕ್‌ಗಳನ್ನೇ ಬಾಡಿಗೆಗೆ ಪಡೆದೆವು. ಜುಲೈ ತಿಂಗಳಲ್ಲಿ ಒಂದು ದಿನ ಹಳಿಗಳ ಮೇಲೆ ನೀರು ನಿಂತು ಲೋಕಲ್ ರೈಲುಗಳು ನಿಂತಾಗ, ಫೋರ್ಟ್‌ಗೆ ಹೋಗಬೇಕಾಗಿದ್ದ ಸಿಬ್ಬಂದಿ ಡೊಂಬಿವಲಿಯಲ್ಲೇ ಕುಳಿತು ಕೆಲಸ ಮಾಡಿದರು. ಠಾಣೆ ಕಡೆಯ ಲಿಂಕ್ ಉಸಿರುಗಟ್ಟಿತು, ಫೋರ್ಟ್ ಮತ್ತು ಮಾಟುಂಗದ ನಡುವಿನ ಲಿಂಕ್ ಬಹುತೇಕ ಖಾಲಿ ಉಳಿಯಿತು. ಒಟ್ಟು ಟ್ರಾಫಿಕ್ ಹೆಚ್ಚಿರಲಿಲ್ಲ, ಅದರ ದಿಕ್ಕು ಮಾತ್ರ ಬದಲಾಗಿತ್ತು.

ಆದ್ದರಿಂದ ಯಾರಿಂದ ಯಾರಿಗೆ ಎಂಬ ಲೆಕ್ಕವನ್ನು ಬಿಟ್ಟು, ಪ್ರತಿ ಶಾಖೆಯಿಂದ ಒಟ್ಟು ಎಷ್ಟು ಹೊರಹೋಗಬಹುದು, ಒಟ್ಟು ಎಷ್ಟು ಒಳಬರಬಹುದು ಎಂಬ ಮಿತಿಯನ್ನಷ್ಟೇ ನಿಗದಿಪಡಿಸಬೇಕು. 1999ರಿಂದ ಇದನ್ನು ಹೋಸ್ (ಕೊಳವೆ) ಮಾದರಿ ಎನ್ನುತ್ತಾರೆ. ಆ ಮಿತಿಯೊಳಗೆ ಟ್ರಾಫಿಕ್ ಹೇಗೆ ಹಂಚಿಕೆಯಾದರೂ ನೆಟ್‌ವರ್ಕ್ ತಡೆದುಕೊಳ್ಳಬೇಕು.

ಮಿತಿಯನ್ನು ಅಳೆಯುವಾಗ ಒಂದು ಎಚ್ಚರ ಅಗತ್ಯ. ಬಿಲ್ಲಿಗಾಗಿ ಬಳಸುವ 95ನೇ ಶೇಕಡಾಂಕವನ್ನು, ಅಂದರೆ ಅತಿ ದೊಡ್ಡ ಶೇಕಡಾ 5ರಷ್ಟು ಅಳತೆಗಳನ್ನು ಬಿಟ್ಟು ಉಳಿದವುಗಳಲ್ಲಿ ದೊಡ್ಡದನ್ನು, ವಿನ್ಯಾಸಕ್ಕೆ ಬಳಸಬಾರದು. ಐದು ನಿಮಿಷಕ್ಕೊಂದರಂತೆ 30 ದಿನಗಳಲ್ಲಿ 8,640 ಅಳತೆಗಳು ಸಿಗುತ್ತವೆ. ಅವುಗಳಲ್ಲಿ ಅತಿ ದೊಡ್ಡ 432ನ್ನು ಆ ಪದ್ಧತಿ ಕೈಬಿಡುತ್ತದೆ, ಎಂದರೆ 36 ಗಂಟೆ. ನಮ್ಮ ಜುಲೈ ತಿಂಗಳ ಆ ದಿನ ಅಷ್ಟರೊಳಗೇ ಅಡಗಿಹೋಗುತ್ತಿತ್ತು.

ಪ್ರತಿ ಶಾಖೆಯ ಮಿತಿ 100 ಎಂಬಿಪಿಎಸ್ (ಸೆಕೆಂಡಿಗೆ 100 ಮೆಗಾಬಿಟ್) ಎಂದಿಟ್ಟುಕೊಳ್ಳೋಣ. ಪ್ರತಿ ಜೋಡಿಯ ನಡುವೆ ನೇರ ಲಿಂಕ್ ಹಾಕಿ ನೇರವಾಗಿಯೇ ಕಳುಹಿಸುವುದಾದರೆ, ಹತ್ತೂ ಲಿಂಕ್‌ಗಳಿಗೆ ತಲಾ 100 ಬೇಕು. ಅದರ ಬದಲು, 1980ರ ದಶಕದ ಆರಂಭದಲ್ಲಿ ಗಣಕವಿಜ್ಞಾನಿ ಲೆಸ್ಲಿ ವೇಲಿಯಂಟ್ ತೋರಿಸಿದ ಎರಡು ಹಂತದ ದಾರಿಯನ್ನು ಹಿಡಿಯಬಹುದು. ಪ್ರತಿ ಶಾಖೆಯು ಮೊದಲು ತನ್ನ ಟ್ರಾಫಿಕ್ಕನ್ನು, ಅದು ಎಲ್ಲಿಗೆ ಹೋಗಬೇಕಾದದ್ದೇ ಆಗಿರಲಿ, ತನ್ನನ್ನೂ ಸೇರಿಸಿ ಐದೂ ಶಾಖೆಗಳಿಗೆ ಸಮನಾಗಿ ಹಂಚುತ್ತದೆ. ಪಡೆದ ಶಾಖೆಗಳು ಅದನ್ನು ಗುರಿಗೆ ತಲುಪಿಸುತ್ತವೆ. ಒಂದು ಲಿಂಕಿನ ಮೇಲೆ ಮೊದಲ ಹಂತದಲ್ಲಿ 20, ಎರಡನೆಯದರಲ್ಲಿ ಹೆಚ್ಚೆಂದರೆ 20, ಒಟ್ಟು 40 ಸಾಕಾಗುತ್ತದೆ. ಮಳೆಯ ದಿನವಾಗಲಿ, ಸಂಬಳದ ದಿನವಾಗಲಿ, ಈ ಸಂಖ್ಯೆ ಬದಲಾಗುವುದಿಲ್ಲ.

ಎಲ್ಲ ಶಾಖೆಗಳನ್ನೂ ಮಾಟುಂಗಕ್ಕೆ ಮಾತ್ರ ಜೋಡಿಸಿ ನಾಲ್ಕು ಲಿಂಕ್‌ಗಳಲ್ಲೇ ಮುಗಿಸಿದರೂ ಒಟ್ಟು ಸಾಮರ್ಥ್ಯ 400 ಆಗುತ್ತದೆ; ಹತ್ತು ಲಿಂಕ್‌ಗಳಿಗೆ ತಲಾ 40 ಎಂದರೂ 400, ಆದ್ದರಿಂದ ಸಾಮರ್ಥ್ಯದ ಲೆಕ್ಕದಲ್ಲಿ ಅದೂ ಅಷ್ಟೇ ಅಗ್ಗ. ಆದರೆ ಮಾಟುಂಗದಲ್ಲಿ ಕರೆಂಟು ಹೋದರೆ ಐದೂ ಶಾಖೆಗಳು ಬೇರೆಯಾಗುತ್ತವೆ. ಎರಡು ಹಂತದ ಜಾಲದಲ್ಲಿ ಒಂದು ಶಾಖೆ ನಿಂತರೆ ಉಳಿದ ನಾಲ್ಕು ತಮ್ಮೊಳಗೆ ಹಂಚಿಕೊಳ್ಳುತ್ತವೆ, ಆಗ ಬೇಕಾಗುವುದು 50. ಆದ್ದರಿಂದ 40ಕ್ಕೆ ನಿಲ್ಲದೆ 50 ಕೊಳ್ಳುವುದೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಎರಡು ಲಿಂಕ್‌ಗಳು ಒಂದೇ ಪೈಪಿನಲ್ಲಿ ಸಾಗುತ್ತಿಲ್ಲವೆಂದು ಕಂಪನಿಯಿಂದ ನಕ್ಷೆ ಪಡೆದು ನೋಡಿಕೊಳ್ಳಿ; ರಸ್ತೆ ಅಗೆಯುವ ಯಂತ್ರಕ್ಕೆ ಎರಡೂ ಒಟ್ಟಿಗೇ ಸಿಕ್ಕಬಾರದು.

ಸುತ್ತಿ ಹೋಗುವುದರಿಂದ ತಡವಾಗುವುದಿಲ್ಲವೇ? ಫೈಬರ್‌ನಲ್ಲಿ ಬೆಳಕು ಕಿಲೋಮೀಟರಿಗೆ ಸುಮಾರು 5 ಮೈಕ್ರೋಸೆಕೆಂಡ್ ತೆಗೆದುಕೊಳ್ಳುತ್ತದೆ, ಆದ್ದರಿಂದ 50 ಕಿಲೋಮೀಟರ್ ಹೆಚ್ಚು ಸುತ್ತಿದರೂ ಕಾಲು ಮಿಲಿಸೆಕೆಂಡ್ ಮಾತ್ರ. ನಿಜವಾದ ತೊಂದರೆ ಪ್ಯಾಕೆಟ್‌ಗಳು, ಅಂದರೆ ಮಾಹಿತಿಯನ್ನು ಒಡೆದು ಕಳುಹಿಸುವ ತುಣುಕುಗಳು, ಹಿಂದುಮುಂದಾಗುವುದರಲ್ಲಿದೆ. ಒಂದು ಸಂಪರ್ಕದ ಪ್ಯಾಕೆಟ್‌ಗಳೆಲ್ಲ ಒಂದೇ ದಾರಿಯಲ್ಲಿ ಸಾಗುವಂತೆ ರೌಟರ್‌ನಲ್ಲಿ (ಅವುಗಳ ದಾರಿ ಆರಿಸುವ ಸಾಧನದಲ್ಲಿ) ಹೊಂದಿಸಿ, ರಾತ್ರಿಯ ಬ್ಯಾಕಪ್‌ನಂತಹ ದೊಡ್ಡ ಹರಿವನ್ನು ಹಲವು ಸಂಪರ್ಕಗಳಾಗಿ ಒಡೆಯಿರಿ. ಇಲ್ಲದಿದ್ದರೆ ಸಮನಾದ ಹಂಚಿಕೆ ಕಾಗದದ ಮೇಲೆಯೇ ಉಳಿಯುತ್ತದೆ.

ಮುಂದೆ ಪ್ರತಿ ತಿಂಗಳು ನೋಡಬೇಕಾದದ್ದು ಪ್ರತಿ ಶಾಖೆಯ ಒಟ್ಟು ಒಳಹರಿವು ಮತ್ತು ಹೊರಹರಿವನ್ನು ಮಾತ್ರ. ಫೋರ್ಟ್‌ನ ಮಿತಿಯನ್ನು 200ಕ್ಕೆ ಏರಿಸಬೇಕಾದರೆ, ಪ್ರತಿ ಲಿಂಕಿನ ಎರಡು ತುದಿಗಳ ಮಿತಿಗಳನ್ನು ಕೂಡಿಸಿ, ಒಂದು ಶಾಖೆ ನಿಂತಾಗ ಉಳಿಯುವ ನಾಲ್ಕರಿಂದ ಭಾಗಿಸಿ: ಫೋರ್ಟ್‌ಗೆ ಸೇರುವ ನಾಲ್ಕು ಲಿಂಕ್‌ಗಳು ತಲಾ 75 ಆಗುತ್ತವೆ, ಉಳಿದ ಆರು 50ರಲ್ಲೇ ಇರುತ್ತವೆ.