ಕೆಟ್ಟಿದ್ದು ಡಿಸ್ಕೋ, ಕೇಬಲ್ಲೋ, ರ‍್ಯಾಮೋ: ರಿಪೇರಿಗೆ ಮೊದಲು ನಾನು ನೋಡುವುದು

ಫೋಟೋ ಅರ್ಧ ಬೂದು ಬಣ್ಣಕ್ಕೆ ತಿರುಗಿದೆ, ಕಾಪಿ ಮಾಡಲು ಹೋದರೆ ನಡುವೆಯೇ ನಿಲ್ಲುತ್ತದೆ. ಇಂಥ ಲ್ಯಾಪ್‌ಟಾಪ್ ಕೈಗೆ ಬಂದಾಗ ಹೆಚ್ಚಿನವರು ಮೊದಲು ಓಡಿಸುವುದು ಚೆಕ್‌ಡಿಸ್ಕ್, ಅಂದರೆ ವಿಂಡೋಸ್‌ನಲ್ಲೇ ಇರುವ ಡಿಸ್ಕ್ ರಿಪೇರಿ ಸಾಧನ. ನಾನು ಅದನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ. ಅದು ಸರಿಮಾಡುವುದು ಯಾವ ಫೈಲ್ ಎಲ್ಲಿದೆ ಎಂಬ ಫೈಲ್ ಸಿಸ್ಟಮ್ಮಿನ ಲೆಕ್ಕವನ್ನು, ನಿಮ್ಮ ದಾಖಲೆಯನ್ನಲ್ಲ. ಲೆಕ್ಕಕ್ಕೆ ಸಿಗದ ತುಂಡುಗಳು ಹೆಸರು ಕಳೆದುಕೊಂಡು 'ಫೌಂಡ್' ಫೋಲ್ಡರ್ ಸೇರುತ್ತವೆ. 'ಆರ್' ಸ್ವಿಚ್ ಕೊಟ್ಟರಂತೂ ಸಾಯುವ ಹಂತದ ಹಾರ್ಡ್ ಡಿಸ್ಕನ್ನು ಮೊದಲಿನಿಂದ ಕೊನೆಯವರೆಗೆ ಓದಿಸಿ ಇನ್ನಷ್ಟು ಬಳಲಿಸುತ್ತದೆ.

ಮೊದಲು ಸ್ಮಾರ್ಟ್ ವರದಿ, ಅಂದರೆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಟ್ಟುಕೊಳ್ಳುವ ಲೆಕ್ಕ. ಅದನ್ನು ತೋರಿಸುವುದು ವಿಂಡೋಸ್‌ನಲ್ಲಿ ಕ್ರಿಸ್ಟಲ್ ಡಿಸ್ಕ್ ಇನ್ಫೋ, ಲಿನಕ್ಸ್‌ನಲ್ಲಿ ಸ್ಮಾರ್ಟ್‌ಸಿಟಿಎಲ್. 'ಗುಡ್' ಎಂಬ ಹಸಿರು ಅಕ್ಷರ ನಂಬಬೇಡಿ, ಒಳಗಿನ ಸಂಖ್ಯೆ ನೋಡಿ. ಹಾರ್ಡ್ ಡಿಸ್ಕಾದರೆ 5, 197, 198, 199 ಈ ನಾಲ್ಕು ಸಾಲುಗಳ 'ರಾ' ಮೌಲ್ಯ (ನೇರ ಎಣಿಕೆ) ಸಾಕು. 5 ಅಂದರೆ ಕೆಟ್ಟು ಈಗಾಗಲೇ ಬೇರೆ ಜಾಗಕ್ಕೆ ಬದಲಾಯಿಸಿದ ಸೆಕ್ಟರ್‌ಗಳು (ಡಿಸ್ಕಿನ ಸಣ್ಣ ತುಣುಕುಗಳು). 197 ಅಂದರೆ ಓದಲು ಬಾರದೆ ಬಾಕಿ ಉಳಿದವು. ಹೆಚ್ಚಾಗಿ ಅಲ್ಲಿ ಹೊಸದಾಗಿ ಬರೆದಾಗ ಡಿಸ್ಕ್ ಅವುಗಳ ಗತಿ ನಿರ್ಧರಿಸುತ್ತದೆ. ಆದ್ದರಿಂದ ಫಾರ್ಮ್ಯಾಟ್ ಮಾಡಿದ ಮೇಲೆ 197 ಸೊನ್ನೆಯಾಯಿತೆಂದು ಡಿಸ್ಕ್ ಗುಣವಾಯಿತು ಅಂದುಕೊಳ್ಳುವಂತಿಲ್ಲ. 198 ಅಂದರೆ ಡಿಸ್ಕ್ ತಾನೇ ತಪಾಸಿಸಿದಾಗ ಓದಲಾಗದವು. 199 ಅಂದರೆ ಡಿಸ್ಕಿಗೂ ಬೋರ್ಡಿಗೂ ನಡುವಿನ ಸಾಗಣೆಯಲ್ಲಾದ ತಪ್ಪುಗಳು. 199 ಮಾತ್ರ ಏರುತ್ತಿದ್ದು ಉಳಿದವು ಸೊನ್ನೆ ಇದ್ದರೆ ತಪ್ಪು ಹೆಚ್ಚಾಗಿ ಕೇಬಲ್ಲಿನದು. ಹಳೇ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕಿಗೆ ಹೋಗುವ ತೆಳು ರಿಬ್ಬನ್ ಬಿಚ್ಚಿ, ಕನೆಕ್ಟರ್ ಒರೆಸಿ, ಮತ್ತೆ ಕೂರಿಸಿ ನೋಡಿ. ಆ ಸಂಖ್ಯೆ ಇಳಿಯುವುದಿಲ್ಲ, ಏರುವುದು ನಿಂತಿತೇ ಎಂಬುದಷ್ಟೇ ಮುಖ್ಯ. ಎನ್‌ವಿಎಂಇ ಎಸ್‌ಎಸ್‌ಡಿಯಲ್ಲಿ (ತಿರುಗುವ ಭಾಗವಿಲ್ಲದ ಹೊಸ ಬಗೆಯ ಡಿಸ್ಕ್) 'ಮೀಡಿಯಾ ಅಂಡ್ ಡೇಟಾ ಇಂಟೆಗ್ರಿಟಿ ಎರರ್ಸ್' ಸೊನ್ನೆಯೇ ಇರಬೇಕು.

197 ಸೊನ್ನೆಗಿಂತ ಹೆಚ್ಚಿದ್ದರೆ ವಿಂಡೋಸನ್ನು ಮತ್ತೆ ಬೂಟ್ ಮಾಡಿಸುವುದಿಲ್ಲ. ಡಿಸ್ಕ್ ಬಿಚ್ಚಿ, ಯುಎಸ್‌ಬಿ ಅಡಾಪ್ಟರಿಗಿಂತ ನೇರ ಸಾಟಾ ಪೋರ್ಟ್ (ಕಂಪ್ಯೂಟರ್ ಬೋರ್ಡಿನ ಡಿಸ್ಕ್ ಜೋಡಣೆ) ಸಿಕ್ಕರೆ ಅದಕ್ಕೇ ಹಾಕಿ, ಲಿನಕ್ಸ್ ಪೆನ್‌ಡ್ರೈವ್‌ನಿಂದ ಕೆಟ್ಟ ಡಿಸ್ಕನ್ನು ಇನ್ನೊಂದಕ್ಕೆ ನಕಲಿಸುವ ಡಿಡಿರೆಸ್ಕ್ಯೂ ಓಡಿಸುತ್ತೇನೆ. ನಕಲು ಹಾಕುವ ಡಿಸ್ಕ್ ಮೂಲದಷ್ಟೇ ಅಥವಾ ಅದಕ್ಕಿಂತ ದೊಡ್ಡದಿರಲಿ. ಮೊದಲ ಸುತ್ತಿಗೆ 'ಎನ್' ಆಯ್ಕೆ: ಸುಲಭವಾಗಿ ಸಿಗುವುದನ್ನೆಲ್ಲ ಎತ್ತಿಕೊಂಡು, ಹಟ ಮಾಡುವ ಜಾಗವನ್ನು ಬಿಟ್ಟು ಮುಂದೆ ಹೋಗುತ್ತದೆ. ಎರಡನೇ ಸುತ್ತಿಗೆ 'ಡಿ' ಮತ್ತು 'ಆರ್3', ಅಂದರೆ ಡಿಸ್ಕಿನಿಂದ ನೇರ ಓದು ಮತ್ತು ಬಿಟ್ಟ ಜಾಗಕ್ಕೆ ಮೂರು ಸಲ ಮರುಯತ್ನ. ಎರಡೂ ಸುತ್ತಿಗೆ ಒಂದೇ ಮ್ಯಾಪ್ ಫೈಲ್ (ಎಲ್ಲಿಯವರೆಗೆ ನಕಲಾಯಿತು ಎಂಬ ದಾಖಲೆ) ಕೊಡಲೇಬೇಕು. ಅದಿದ್ದರೆ ಮಧ್ಯೆ ಕರೆಂಟ್ ಹೋದರೂ ನಿಂತಲ್ಲಿಂದ ಮುಂದುವರಿಯುತ್ತದೆ, ಇಲ್ಲದಿದ್ದರೆ ಎಲ್ಲವೂ ಮೊದಲಿನಿಂದ. ಮೂಲ ಯಾವುದು, ನಕಲು ಯಾವುದು ಎಂದು ಸೀರಿಯಲ್ ನಂಬರ್ ಓದಿಯೇ ಎಂಟರ್ ಒತ್ತಿ. ಅದಲುಬದಲಾದರೆ ಉಳಿದದ್ದೂ ಹೋಗುತ್ತದೆ. ವಿಂಡೋಸಿನ ಡಿಸ್ಕ್ ಬೀಗವಾದ ಬಿಟ್‌ಲಾಕರ್ ಇದ್ದರೆ 48 ಅಂಕಿಯ ರಿಕವರಿ ಕೀ ಮೊದಲೇ ಸಿದ್ಧವಿರಲಿ. ನಕಲು ಮುಗಿದ ಮೇಲೆ ಚೆಕ್‌ಡಿಸ್ಕನ್ನು ಆ ನಕಲಿನ ಮೇಲೆ ಓಡಿಸಿ, ಮೂಲವನ್ನು ಮುಟ್ಟಬೇಡಿ.

ಸ್ಮಾರ್ಟ್ ಎಲ್ಲ ಸ್ವಚ್ಛ, ಆದರೂ ಫೈಲ್ ಕೆಡುತ್ತಿವೆಯೇ? ಆಗ ನನ್ನ ಅನುಮಾನ ರ‍್ಯಾಮ್ ಮೇಲೆ. ಒಂದೇ ಫೈಲಿನ ಶಾ256 ಮೊತ್ತ (ಫೈಲಿನ ಒಳಗಿನದರಿಂದ ಲೆಕ್ಕ ಹಾಕಿದ ಬೆರಳಚ್ಚಿನಂಥ ಸಂಖ್ಯೆ) ಎರಡು ಸಲ ತೆಗೆದು ಹೋಲಿಸಿ. ಫೈಲ್ ರ‍್ಯಾಮ್‌ಗಿಂತ ದೊಡ್ಡದಿರಬೇಕು, 8 ಜಿಬಿ ರ‍್ಯಾಮ್‌ಗೆ 20 ಜಿಬಿ ಫೈಲ್, ಇಲ್ಲದಿದ್ದರೆ ಎರಡನೇ ಸಲ ಡಿಸ್ಕಿನ ಬದಲು ಕ್ಯಾಶ್‌ನಿಂದಲೇ (ಮೆಮೊರಿಯಲ್ಲಿ ಉಳಿದ ಪ್ರತಿಯಿಂದ) ಓದುತ್ತದೆ. ಮೊತ್ತ ಬೇರೆ ಬಂದರೆ ರಾತ್ರಿಯಿಡೀ ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್ ಹಾಕಿ. ಒಂದೇ ಒಂದು ದೋಷ ಬಂದರೂ, ಎರಡು ರ‍್ಯಾಮ್ ಪಟ್ಟಿಗಳಿದ್ದರೆ ಒಂದೊಂದನ್ನೇ ಇಟ್ಟು ಮತ್ತೆ ಪರೀಕ್ಷಿಸಿ.

ಇನ್ನೊಂದು ಕಾರಣ ಬೆಂಗಳೂರಿನ ಮನೆಗಳಲ್ಲಿ ಸಾಮಾನ್ಯ: ಸತ್ತ ಬ್ಯಾಟರಿಯ ಲ್ಯಾಪ್‌ಟಾಪನ್ನು ಸದಾ ಚಾರ್ಜರಿನಲ್ಲೇ ನಡೆಸುವುದು. ಮಳೆ ಬಂದು ಕರೆಂಟ್ ಹೋದ ಕ್ಷಣದಲ್ಲಿ ಬರೆಯುತ್ತಿದ್ದದ್ದು ಅರ್ಧಕ್ಕೇ ನಿಲ್ಲುತ್ತದೆ. ಎನ್‌ವಿಎಂಇ ವರದಿಯ 'ಅನ್‌ಸೇಫ್ ಶಟ್‌ಡೌನ್ಸ್' ಏರುತ್ತಲೇ ಇದ್ದರೆ ಮೊದಲು ಬ್ಯಾಟರಿ ಬದಲಿಸಿ. ಹಾಗೆಯೇ, ಹಾರ್ಡ್ ಡಿಸ್ಕ್ ಇರುವ ಯಂತ್ರವನ್ನು ಪೂರ್ತಿ ಶಟ್‌ಡೌನ್ ಮಾಡಿ, ಲೈಟ್ ಆರಿದ ಮೇಲೆಯೇ ಬ್ಯಾಗಿಗೆ ಹಾಕಿ. ಸ್ಲೀಪ್‌ನಲ್ಲಿದ್ದದ್ದು ಬ್ಯಾಗಿನೊಳಗೇ ಎಚ್ಚರವಾದರೆ, ತಿರುಗುವ ತಟ್ಟೆಗೆ ರಸ್ತೆಯ ಒಂದು ಗುಂಡಿ ಸಾಕು.

ಹೊಸ ಡಿಸ್ಕನ್ನು ಬೆಂಗಳೂರಿನ ಎಸ್.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಕೊಂಡರೆ ಜಿಎಸ್‌ಟಿ ಬಿಲ್ ಕೇಳಿ ಪಡೆಯಿರಿ, ವಾರಂಟಿಗೆ ಬೇಕಾಗುತ್ತದೆ. ಹಳೇ ಸಾಟಾ ಜಾಗಕ್ಕೆ 2.5 ಇಂಚಿನ, 7 ಮಿಲಿಮೀಟರ್ ದಪ್ಪದ್ದು. ದತ್ತಾಂಶ ಹಾಕುವ ಮುನ್ನ ಎಚ್2ಟೆಸ್ಟ್‌ಡಬ್ಲ್ಯೂ ಅಥವಾ ಎಫ್3 ಎಂಬ ಪರೀಕ್ಷಾ ತಂತ್ರಾಂಶ ಬಳಸಿ ಇಡೀ ಡಿಸ್ಕ್ ತುಂಬಿಸಿ, ಮತ್ತೆ ಓದಿಸಿ. ಸುಳ್ಳು ಗಾತ್ರ ತೋರಿಸುವ ನಕಲಿ ಮಾಲು ಅಲ್ಲೇ ಸಿಕ್ಕಿಬೀಳುತ್ತದೆ.