ಯು-ಬೋಟ್‌ನಲ್ಲಿ ಯಾರ ಮಾತು ನಡೆಯುತ್ತಿತ್ತು? ಹೀಗೆ ಗುರುತಿಸಿ

ಶಿಕಾಗೋದಲ್ಲಿರುವ ಮಗನ ಮನೆಗೋ ಮಗಳ ಮನೆಗೋ ಹೋದವರು ಅಲ್ಲಿನ ವಿಜ್ಞಾನ ಮತ್ತು ಉದ್ಯಮ ಮ್ಯೂಸಿಯಂ ನೋಡದೆ ಬರಬೇಡಿ. ಎರಡನೇ ಮಹಾಯುದ್ಧದ ಜರ್ಮನ್ ಜಲಾಂತರ್ಗಾಮಿ, ಅಂದರೆ ಯು-ಬೋಟ್, ಯು-505 ಅಲ್ಲಿದೆ. ಉದ್ದ ಸುಮಾರು 76 ಮೀಟರ್. ಒಳಗೆ ಎತ್ತ ತಿರುಗಿದರೂ ಪೈಪು, ವಾಲ್ವು, ಮೀಟರು. ಇದರಲ್ಲಿ ಹೆಚ್ಚುಕಡಿಮೆ 60 ಜನ ತಿಂಗಳುಗಟ್ಟಲೆ ಇರುತ್ತಿದ್ದರು. ಯಾರು ಯಾರಿಗೆ ಹೇಳುತ್ತಿದ್ದರು ಅಂತ ಗೊತ್ತಿದ್ದರೆ ಮಾತ್ರ ಈ ಹಡಗು ಅರ್ಥವಾಗುತ್ತದೆ. ಅಷ್ಟು ದೂರ ಹೋಗಲಾಗದವರು ಯು-ಬೋಟ್‌ನ ಹಳೆಯ ಫೋಟೊಗಳನ್ನು ಮುಂದಿಟ್ಟುಕೊಂಡು ಶುರು ಮಾಡಿ.

ಹೆಜ್ಜೆ 1: ಬಿಳಿ ಟೋಪಿ ಹುಡುಕಿ

ಫೋಟೊದಲ್ಲಿ ಗಡ್ಡ ಬಿಟ್ಟ, ಎಣ್ಣೆ ಮೆತ್ತಿದ ಬಟ್ಟೆಯ ಎಲ್ಲರೂ ಒಂದೇ ಥರ ಕಾಣುತ್ತಾರೆ. ಬಿಳಿ ಟೋಪಿ ಒಬ್ಬನ ತಲೆಯ ಮೇಲೆ ಮಾತ್ರ. ಅವನೇ ಕಮಾಂಡರ್. ಸಾಮಾನ್ಯವಾಗಿ ಅವನ ದರ್ಜೆ ಕಪಿಟೆನ್‌ಲಾಯ್ಟ್‌ನಂಟ್ ಅಥವಾ ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ. ಸಮುದ್ರದಲ್ಲಿ ಅವನ ಮಾತೇ ಕೊನೆ. ನೀರಿನಡಿಯ ದಾಳಿಯಲ್ಲಿ ಪೆರಿಸ್ಕೋಪ್‌ಗೆ ಕಣ್ಣಿಡುವವನೂ ಅವನೇ. ಹೊರಗೆ ಏನಿದೆ ಅಂತ ಆಗ ಅವನೊಬ್ಬನಿಗೇ ಗೊತ್ತು.

ಹೆಜ್ಜೆ 2: ಪರದೆಯ ಎದುರು ಏನಿದೆ ನೋಡಿ

ಕಮಾಂಡರ್‌ಗೆ ಬೇರೆ ಕೋಣೆ ಇತ್ತು ಅನ್ನುತ್ತಾರೆ. ಹೋಗಿ ನೋಡಿದರೆ ಅದು ಒಂದು ಮಂಚ, ಒಂದು ಪರದೆ, ಅಷ್ಟೇ. ಬಾಗಿಲೂ ಇಲ್ಲ. ಎದುರಿಗೇ ರೇಡಿಯೊ ಕೋಣೆ, ನೀರೊಳಗಿನ ಸದ್ದು ಕೇಳುವ ಜಾಗ. ಮಲಗಿದ್ದಲ್ಲಿಂದಲೇ ಕೂಗಿದರೆ ಕೇಳಬೇಕು, ಅದಕ್ಕೇ ಹೀಗೆ.

ಹಡಗಿನಲ್ಲಿ ಅವನ ಮೇಲೆ ಯಾರೂ ಇಲ್ಲದಿದ್ದರೂ ದಡದಲ್ಲಿ ಕಾರ್ಲ್ ಡ್ಯೋನಿಟ್ಸ್ ಇದ್ದ. ಯು-ಬೋಟ್‌ಗಳ ಮುಖ್ಯಸ್ಥನಾಗಿ ರೇಡಿಯೊದಲ್ಲೇ ಹಡಗುಗಳನ್ನು ಅಲ್ಲಿಗೆ ಹೋಗು, ಇಲ್ಲಿಗೆ ಬಾ ಅಂತ ನಡೆಸುತ್ತಿದ್ದ. ಗೂಢಲಿಪಿಯಲ್ಲಿ ಬರುತ್ತಿದ್ದ ಸಂದೇಶಗಳನ್ನು ಎನಿಗ್ಮಾ ಅನ್ನುವ ಗೂಢಲಿಪಿ ಯಂತ್ರದಲ್ಲಿ ಬಿಡಿಸುತ್ತಿದ್ದುದು ರೇಡಿಯೊ ಸಿಬ್ಬಂದಿ. ಆದರೆ ಕೆಲವನ್ನು ಬಿಡಿಸಿದಾಗ ‘ಆಫೀಸರ್’ ಅನ್ನುವ ಪದವಷ್ಟೇ ಕಾಣುತ್ತಿತ್ತು, ಮಿಕ್ಕಿದ್ದು ಮತ್ತೆ ಗೂಢಲಿಪಿ. ಅಲ್ಲಿಗೆ ಅವರು ಕೈಬಿಡಬೇಕು. ಒಬ್ಬ ಆಫೀಸರ್ ಬಂದು ಇನ್ನೊಂದು ಸಲ ಬಿಡಿಸಬೇಕು.

ಹೆಜ್ಜೆ 3: ಕಂಟ್ರೋಲ್ ರೂಮಿನಲ್ಲಿ ನಿಂತುಕೊಳ್ಳಿ

ಇಲ್ಲಿ ಆತುರ ಬೇಡ. ನನ್ನ ಪ್ರಕಾರ ಹಡಗಿನ ನಿಜವಾದ ಜೀವ ಇಲ್ಲಿದೆ. ಇದು ಚೀಫ್ ಎಂಜಿನಿಯರ್‌ನ ಜಾಗ. ಎಲ್ಲರೂ ಅವನನ್ನು ಜರ್ಮನ್ ಹುದ್ದೆಯ ಹೆಸರನ್ನು ಚುಟುಕು ಮಾಡಿ ‘ಎಲ್‌ಐ’ ಅಂತ ಕರೆಯುತ್ತಿದ್ದರು. ಮುಳುಗು ಅಂತ ಹೇಳುವುದು ಸುಲಭ. ಮುಳುಗಿಸಿ, ಬೇಕಾದ ಆಳದಲ್ಲಿ ಅಲುಗದಂತೆ ನಿಲ್ಲಿಸುವುದು ಎಲ್‌ಐ ಕೆಲಸ. ಎಷ್ಟು ಡೀಸೆಲ್ ಖರ್ಚಾಯಿತು, ಎಷ್ಟು ಆಹಾರ ಮುಗಿಯಿತು, ಟಾರ್ಪಿಡೊ ಹೊರಟಾಗ ಎಷ್ಟು ತೂಕ ಇಳಿಯಿತು, ಎಲ್ಲ ಲೆಕ್ಕ ಹಾಕಿ ಟ್ಯಾಂಕುಗಳ ನೀರನ್ನು ಹೆಚ್ಚುಕಡಿಮೆ ಮಾಡಬೇಕು. ಲೆಕ್ಕ ತಪ್ಪಿದರೆ ಹಡಗು ಶತ್ರುವಿನ ಎದುರೇ ಮೇಲೆದ್ದೀತು, ಇಲ್ಲವೇ ತಳ ಸೇರೀತು.

ಹೆಜ್ಜೆ 4: ಏಣಿ ಹತ್ತಿ, ಮೇಲಿನ ಕಾವಲು ನೋಡಿ

ಮೇಲ್ಗಡೆ ಒಂದು ಸಲಕ್ಕೆ ನಾಲ್ಕು ಜನ, ನಾಲ್ಕು ಗಂಟೆ. ಒಬ್ಬೊಬ್ಬನಿಗೆ ದಿಗಂತದ ಕಾಲು ಭಾಗ. ಅಕ್ಕಪಕ್ಕದವನ ಕಡೆ ನೋಡುವಂತಿಲ್ಲ. ಇವರ ಮುಖ್ಯಸ್ಥ ವಾಚ್ ಆಫೀಸರ್. ಮೊದಲನೇ ವಾಚ್ ಆಫೀಸರ್ ಕಮಾಂಡರ್‌ನ ಬಲಗೈ. ಟಾರ್ಪಿಡೊಗಳು ಅವನ ಹೊಣೆ. ರಾತ್ರಿ ನೀರಿನ ಮೇಲೆಯೇ ದಾಳಿ ಮಾಡುವಾಗ ಗುರಿ ಹಿಡಿಯುವವನು ಅವನು. ಯಾವ ಹಡಗಿಗೆ ಹೊಡೆಯಬೇಕು ಅಂತ ತೀರ್ಮಾನಿಸುವವನು ಮಾತ್ರ ಕಮಾಂಡರ್. ಎರಡನೇ ವಾಚ್ ಆಫೀಸರ್ ತುಪಾಕಿಗಳನ್ನೂ ರೇಡಿಯೊ ವಿಭಾಗವನ್ನೂ ನೋಡಿಕೊಳ್ಳುತ್ತಿದ್ದ.

ಈಗ ಒಂದು ವಿಮಾನ ಕಂಡಿತು ಅಂದುಕೊಳ್ಳಿ. ಕೆಳಗೆ ಮಲಗಿದ ಕಮಾಂಡರ್‌ನನ್ನು ಕೇಳಿ ಬರಲು ಟೈಮ್ ಎಲ್ಲಿದೆ? ವಾಚ್ ಆಫೀಸರ್ ತಾನೇ ‘ಅಲಾರ್ಮ್!’ ಅಂತ ಕೂಗುತ್ತಾನೆ. ಮೂವರು ಏಣಿಯಲ್ಲಿ ಜಾರಿ ಇಳಿಯುತ್ತಾರೆ. ಕೊನೆಯವನು ಅವನೇ, ಮುಚ್ಚಳ ತಿರುಗಿಸಿ ಭದ್ರ ಮಾಡುತ್ತಾನೆ. ಅಷ್ಟರಲ್ಲಿ ಡೀಸೆಲ್ ಎಂಜಿನ್ ನಿಂತು ಬ್ಯಾಟರಿ ಮೋಟಾರ್ ಶುರುವಾಗಿರಬೇಕು. ಕೈ ಖಾಲಿ ಇದ್ದವರೆಲ್ಲ ಮುಂಭಾಗದ ಕಡೆ ಓಡುತ್ತಾರೆ, ಮೂತಿ ಭಾರವಾಗಿ ಹಡಗು ಬೇಗ ಮುಳುಗಲಿ ಅಂತ. ಇಷ್ಟೂ ಅರ್ಧ ನಿಮಿಷದ ಆಸುಪಾಸಿನಲ್ಲಿ.

ಹೆಜ್ಜೆ 5: ಆಫೀಸರ್ ಅಲ್ಲದವರನ್ನು ಮರೆಯಬೇಡಿ

ಮೇಲಿನ ಕಾವಲಿನ ಮೂರನೇ ಪಾಳಿಯನ್ನು ಸಾಮಾನ್ಯವಾಗಿ ನೋಡಿಕೊಳ್ಳುತ್ತಿದ್ದವನು ಓಬರ್‌ಸ್ಟಾಯರ್‌ಮನ್. ನಮ್ಮ ಸೈನ್ಯದ ಸುಬೇದಾರರ ಹಾಗೆ ಅನುಭವದಿಂದ ಮೇಲೆ ಬಂದವನು. ನಕ್ಷತ್ರ ನೋಡಿ ಹಡಗು ಎಲ್ಲಿದೆ ಅಂತ ಹೇಳುವುದು, ದಿನಸಿಯ ಲೆಕ್ಕ, ಎರಡೂ ಅವನದೇ. ಶಿಸ್ತು ನಾವಿಕರ ಮೇಲ್ವಿಚಾರಕನಾದ ಬೋಟ್ಸ್‌ಮನ್‌ನ ಪಾಲು. ಅವನಿಗೆ ‘ನಂಬರ್ ಒನ್’ ಅಂತಲೇ ಹೆಸರು.

ಹೆಜ್ಜೆ 6: ಕಮಾಂಡರ್ ಇಲ್ಲದ ಹಡಗನ್ನು ನೋಡಿ

1943ರ ಜುಲೈ 12ರಂದು ಫ್ರಾನ್ಸ್ ಪಕ್ಕದ ಬಿಸ್ಕೆ ಕೊಲ್ಲಿಯಲ್ಲಿ ಬ್ರಿಟಿಷ್ ವಿಮಾನಗಳು ಯು-441ರ ಮೇಲೆ ಗುಂಡಿನ ಮಳೆ ಸುರಿಸಿದವು. ಮೇಲಿದ್ದ ಆಫೀಸರ್‌ಗಳೆಲ್ಲ ಸತ್ತರು ಇಲ್ಲವೇ ಗಾಯಗೊಂಡರು. ಹಡಗನ್ನು ಬ್ರೆಸ್ಟ್ ಬಂದರಿಗೆ ತಂದವನು ಅದರ ಡಾಕ್ಟರ್.

ಅದೇ ವರ್ಷ ಅಕ್ಟೋಬರ್ 24. ಈಗ ಶಿಕಾಗೋದಲ್ಲಿರುವ ಈ ಯು-505 ಆಗ ಅಟ್ಲಾಂಟಿಕ್‌ನಲ್ಲಿತ್ತು. ಅದಕ್ಕೂ ಹಿಂದೆ ಹೊರಟಾಗಲೆಲ್ಲ ಏನಾದರೂ ಕೆಟ್ಟು, ಮತ್ತೆ ಮತ್ತೆ ಬಂದರಿಗೆ ವಾಪಸ್ ಬಂದಿದ್ದ ಹಡಗು ಇದು. ಸುತ್ತ ಡೆಪ್ತ್ ಚಾರ್ಜ್‌ಗಳು, ಅಂದರೆ ನೀರೊಳಗೆ ಸಿಡಿಯುವ ಬಾಂಬುಗಳು, ಸಿಡಿಯುತ್ತಿದ್ದಾಗ, ಕಂಟ್ರೋಲ್ ರೂಮಿನಲ್ಲಿ ತನ್ನ ಜನರ ಕಣ್ಣೆದುರೇ ಕಮಾಂಡರ್ ಪೀಟರ್ ಚೆಕ್ ತನಗೆ ತಾನೇ ಗುಂಡು ಹೊಡೆದುಕೊಂಡ. ಅಧಿಕಾರದಲ್ಲಿ ಅವನ ನಂತರದವನು ಮೊದಲನೇ ವಾಚ್ ಆಫೀಸರ್ ಪಾಲ್ ಮೇಯರ್. ಮೇಲೆ ಸಿಡಿತ ಇನ್ನೂ ನಿಂತಿರಲಿಲ್ಲ. ಮೇಯರ್ ಹಡಗನ್ನು ತನ್ನ ಕೈಗೆ ತೆಗೆದುಕೊಂಡ. ಹಡಗಿನವರನ್ನೆಲ್ಲ ಫ್ರಾನ್ಸಿನ ಲೋರಿಯಾಂ ಬಂದರಿಗೆ ತಲುಪಿಸಿದ.