ಕಾರಿನ ಗೀರು ತೆಗೆಯಬೇಕಾ? ಜೊತೆಗೊಬ್ಬ ಗೆಳೆಯನನ್ನು ಕರೆಯಿರಿ

ಬಾಗಲಕೋಟೆಯಲ್ಲಿ ಕಪ್ಪು ಅಥವಾ ಕಡುನೀಲಿ ಕಾರು ಇಟ್ಟುಕೊಂಡವರು ಮಧ್ಯಾಹ್ನದ ಬಿಸಿಲಲ್ಲಿ ಒಮ್ಮೆ ಬಾನೆಟ್ ನೋಡಿ. ಸುತ್ತು ಸುತ್ತಾಗಿ ನೂರಾರು ಸಣ್ಣ ಗೀರುಗಳು ಕಾಣುತ್ತವೆ. ಬಹಳ ಜನ ಇದಕ್ಕೆ ಜಾಲಿ ಮುಳ್ಳನ್ನೋ, ಮುಧೋಳ, ಜಮಖಂಡಿ ಕಡೆಯ ರಸ್ತೆಗಳಲ್ಲಿ ಮೈಗೆ ಸವರಿಕೊಂಡು ಹೋಗುವ ಕಬ್ಬಿನ ಟ್ರ್ಯಾಕ್ಟರನ್ನೋ ಬೈಯುತ್ತಾರೆ. ಅವು ಉದ್ದನೆ ಗೀರು ಹಾಕುವುದು ನಿಜ. ಆದರೆ ಈ ಸುತ್ತು ಗೀರು ಹೆಚ್ಚಾಗಿ ಬರುವುದು ಬೆಳಿಗ್ಗೆ ಎದ್ದು ಒಣ ಬಟ್ಟೆ ಹಿಡಿದು ಧೂಳು ಒರೆಸುವ ಅಭ್ಯಾಸದಿಂದ. ಧೂಳಿನ ಜೊತೆ ಸಣ್ಣ ಮರಳು ಇರುತ್ತದೆ. ಬಟ್ಟೆ ಅದನ್ನು ಬಣ್ಣದ ಮೇಲೆಲ್ಲಾ ಎಳೆದಾಡುತ್ತದೆ.

ಇವನ್ನು ಮನೆಯಲ್ಲೇ ತೆಗೆಯಬಹುದು. ಆದರೆ ಒಂದು ವಿಷಯ ಮೊದಲು ತಿಳಿದಿರಬೇಕು: ಪಾಲಿಶ್ ಮಾಡುವುದೆಂದರೆ ಬಣ್ಣಕ್ಕೆ ಏನೋ ಸೇರಿಸುವುದಲ್ಲ, ಬಣ್ಣದ ಮೇಲ್ಪದರವನ್ನೇ ಸ್ವಲ್ಪ ಸವೆಸುವುದು. ಕಾರಿನ ತಗಡಿನ ಮೇಲೆ ತುಕ್ಕು ತಡೆಯುವ ಪದರ, ಪ್ರೈಮರ್, ಬಣ್ಣ, ಕೊನೆಗೆ ಪಾರದರ್ಶಕವಾದ ಕ್ಲಿಯರ್ ಕೋಟ್ ಇರುತ್ತವೆ. ಎಲ್ಲಾ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್. ಅದರಲ್ಲಿ ಕ್ಲಿಯರ್ ಕೋಟ್ 40-50 ಮೈಕ್ರಾನ್, ಅಂದರೆ ತಲೆಗೂದಲಿಗಿಂತ ತೆಳ್ಳಗೆ. ಬಿಸಿಲಿನಿಂದ ಬಣ್ಣವನ್ನು ಕಾಯುವುದೂ ಅದೇ. ಅದು ತೆಳುವಾದಷ್ಟೂ ನಮ್ಮ ಬಿಸಿಲಿಗೆ ಬಣ್ಣ ಬೇಗ ಮಂಕಾಗುತ್ತದೆ, ಸಿಪ್ಪೆ ಏಳುತ್ತದೆ. ಒಮ್ಮೆ ಸವೆದದ್ದು ವಾಪಸ್ ಬರುವುದಿಲ್ಲ.

ಅದಕ್ಕೇ ಜೊತೆಗೊಬ್ಬರು ಬೇಕು ಅನ್ನುವುದು. ಕಾರಿನ ಹುಚ್ಚಿರುವ ಗೆಳೆಯನಾದರೆ ಇನ್ನೂ ಒಳ್ಳೆಯದು. ಪಾಲಿಶ್ ಮಷಿನ್ ಹಿಡಿದವರಿಗೆ ಒಂದು ಗೀರು ಕಂಡರೆ ಅದು ಪೂರ್ತಿ ಹೋಗುವವರೆಗೆ ಕೈ ನಿಲ್ಲುವುದಿಲ್ಲ. ಪಕ್ಕದಲ್ಲಿ ಬ್ಯಾಟರಿ (ಟಾರ್ಚ್) ಹಿಡಿದು ನಿಂತವರಿಗೆ ಇಡೀ ಭಾಗ ಕಾಣುತ್ತಿರುತ್ತದೆ. 'ಏ ದೋಸ್ತ, ಸಾಕ್ ಬಿಡು, ಇನ್ನ ತಿಕ್ಕಬ್ಯಾಡ' ಅಂತ ಅವರು ಹೇಳಿದಾಗ ನಿಲ್ಲಿಸಬೇಕು. ಇದನ್ನು ಶುರುವಿನಲ್ಲೇ ಇಬ್ಬರೂ ಒಪ್ಪಿಕೊಳ್ಳಿ.

ಯಾವ ಗೀರು ಹೋಗುತ್ತದೆ, ಯಾವುದು ಹೋಗುವುದಿಲ್ಲ

ಗೀರಿನ ಮೇಲೆ ಅಡ್ಡಲಾಗಿ ಉಗುರು ಮೆಲ್ಲಗೆ ಎಳೆಯಿರಿ. ಉಗುರು ಸಿಕ್ಕಿಕೊಳ್ಳದಿದ್ದರೆ ಅದು ಕ್ಲಿಯರ್ ಕೋಟಿನಲ್ಲೇ ಇದೆ, ಪಾಲಿಶ್‌ಗೆ ಹೋಗುವ ಸಾಧ್ಯತೆ ಜಾಸ್ತಿ. ಸಿಕ್ಕಿಕೊಂಡರೆ ಆಳವಿದೆ. ಅಂಚುಗಳನ್ನು ಮೃದು ಮಾಡಿ ಕಣ್ಣಿಗೆ ಕಡಿಮೆ ಕಾಣುವಂತೆ ಮಾಡಬಹುದು, ಅಷ್ಟೇ. ಒಳಗೆ ಬಿಳಿ, ಬೂದು ಅಥವಾ ತಗಡು ಕಂಡರೆ ಪಾಲಿಶ್ ಮಾತೇ ಬೇಡ. ಟಚ್-ಅಪ್ ಬಣ್ಣ ಹಚ್ಚಿ, ಇಲ್ಲವೇ ಪೇಂಟಿಂಗ್ ಗ್ಯಾರೇಜಿಗೆ ಒಯ್ಯಿರಿ. ತಗಡು ಕಂಡ ಜಾಗವನ್ನು ಮಳೆಗಾಲಕ್ಕೆ ಮುಂಚೆಯೇ ಮುಚ್ಚಬೇಕು, ತುಕ್ಕು ಕಾಯುವುದಿಲ್ಲ.

ಮ್ಯಾಟ್ ಬಣ್ಣದ ಗಾಡಿಗೆ ಇದ್ಯಾವುದನ್ನೂ ಮಾಡಬೇಡಿ, ಅಲ್ಲಲ್ಲಿ ಹೊಳಪು ಬಂದು ಕೆಟ್ಟು ಕಾಣುತ್ತದೆ. ಹಳೆಯ ಅಂಬಾಸಿಡರ್‌ನಂಥ ಗಾಡಿಗಳಲ್ಲಿ ಎಷ್ಟೋ ಸಲ ಕ್ಲಿಯರ್ ಕೋಟ್ ಇರುವುದೇ ಇಲ್ಲ. ಪಾಲಿಶ್ ಮಾಡುವಾಗ ಪ್ಯಾಡಿಗೆ (ಮಷಿನ್ನಿಗೆ ಹಾಕುವ ಸ್ಪಂಜಿನ ಬಿಲ್ಲೆಗೆ) ಕಾರಿನ ಬಣ್ಣವೇ ಹತ್ತಿದರೆ ಅಂಥ ಗಾಡಿ ಅಂತ ತಿಳಿಯಿರಿ. ಆದರೆ ಕ್ಲಿಯರ್ ಕೋಟ್ ಇರುವ ಹೊಸ ಗಾಡಿಯಲ್ಲಿ ಹೀಗೆ ಬಣ್ಣ ಹತ್ತಿದರೆ ತಕ್ಷಣ ನಿಲ್ಲಿಸಿ. ಆ ಜಾಗದಲ್ಲಿ ಕ್ಲಿಯರ್ ಕೋಟ್ ಮುಗಿದಿದೆ.

ಮೊದಲು ತೊಳೆಯಿರಿ, ಸರಿಯಾಗಿ ತೊಳೆಯಿರಿ

ಬಿಸಿಲು ಬೇಡ. ಏಪ್ರಿಲ್, ಮೇ ತಿಂಗಳಲ್ಲಾದರೆ ಬೆಳಗಿನ ಹೊತ್ತು, ಅದೂ ನೆರಳಿನಲ್ಲಿ. ಬಾನೆಟ್ ಮೇಲೆ ಅಂಗೈ ಇಟ್ಟು ನೋಡಿ, ಬಿಸಿ ಹತ್ತಿದರೆ ಕಾಯಿರಿ. ದೀಪಾವಳಿ ಕಳೆದ ಮೇಲಿನ ಚಳಿಗಾಲ ಈ ಕೆಲಸಕ್ಕೆ ಬಹಳ ಒಳ್ಳೆಯದು.

ಎರಡು ಬಕೆಟ್ ಇರಲಿ. ಒಂದರಲ್ಲಿ ಕಾರ್ ಶಾಂಪೂ, ಇನ್ನೊಂದರಲ್ಲಿ ಬರೀ ನೀರು. ಮೊದಲು ಪೈಪಿನ ನೀರಿನಿಂದ ಮಣ್ಣು ಹರಿಸಿ, ಆಮೇಲೆ ಬಟ್ಟೆ ತಾಗಿಸಿ. ಮೇಲಿನಿಂದ ಕೆಳಗೆ ಬನ್ನಿ, ಬಟ್ಟೆಯನ್ನು ಪ್ರತಿ ಸಲ ಬರೀ ನೀರಿನಲ್ಲಿ ಜಾಲಿಸಿಯೇ ಮತ್ತೆ ಶಾಂಪೂಗೆ ಅದ್ದಿ. ಬೋರ್‌ವೆಲ್ ನೀರು ಗಡಸು. ಕಾರಿನ ಮೇಲೇ ಆರಲು ಬಿಟ್ಟರೆ ಬಿಳಿ ಕಲೆ ಕೂರುತ್ತದೆ, ಹಾಗಾಗಿ ಒಬ್ಬರು ತೊಳೆಯುತ್ತಾ ಹೋದಂತೆ ಇನ್ನೊಬ್ಬರು ಮೈಕ್ರೋಫೈಬರ್ ಬಟ್ಟೆಯಿಂದ ಒತ್ತಿ ನೀರು ತೆಗೆಯುತ್ತಾ ಬರಬೇಕು.

ತೊಳೆದ ಮೇಲೂ ಕೈಯಾಡಿಸಿದಾಗ ಬಣ್ಣ ಗರಗರ ಅಂದರೆ ಅದಕ್ಕೆ ಏನೋ ಅಂಟಿಕೊಂಡಿದೆ ಅಂತ ಅರ್ಥ: ರಸ್ತೆಯ ಡಾಂಬರು, ಸಕ್ಕರೆ ಕಾರ್ಖಾನೆ ಹತ್ತಿರದವರಿಗಾದರೆ ಚಿಮಣಿಯ ಬೂದಿ. ಶಾಂಪೂ ನೀರು ಸುರಿಯುತ್ತಾ ಕ್ಲೇ ಬಾರ್ (ಅಂಟಿದ್ದನ್ನು ಎಳೆದುಕೊಳ್ಳುವ ಮೆತ್ತನೆ ಜೇಡಿಯಂಥ ಉಂಡೆ) ಮೆಲ್ಲಗೆ ಆಡಿಸಿ. ಕ್ಲೇ ನೆಲಕ್ಕೆ ಬಿದ್ದರೆ ಎಸೆದುಬಿಡಿ. ಅದಕ್ಕೆ ಹತ್ತಿದ ಒಂದು ಹರಳು ಸಾಕು, ಹೊಸ ಗೀರು ಎಳೆಯಲು.

ಟೇಪ್, ಮಷಿನ್, ಮೊದಲ ಪರೀಕ್ಷೆ

ರಬ್ಬರ್, ಕಪ್ಪು ಪ್ಲಾಸ್ಟಿಕ್ ಮತ್ತು ಮೈಯ ಮೇಲಿನ ಚೂಪು ಗೆರೆಗಳಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ. ಚೂಪು ಗೆರೆ ಮತ್ತು ಅಂಚುಗಳಲ್ಲಿ ಬಣ್ಣ ತೆಳ್ಳಗಿರುತ್ತದೆ, ಮೊದಲು ಸುಡುವುದೂ ಅಲ್ಲೇ.

ಹೊಸಬರಿಗೆ ಡಿಎ (ಡ್ಯುಯಲ್ ಆ್ಯಕ್ಷನ್) ಪಾಲಿಶರ್ ತೆಗೆದುಕೊಳ್ಳಿ ಅನ್ನುತ್ತೇನೆ. ಅದು ತಿರುಗುತ್ತಾ ಅಲುಗುತ್ತದೆ, ಒಂದೇ ಜಾಗದಲ್ಲಿ ಶಾಖ ಅಷ್ಟು ಬೇಗ ಏರುವುದಿಲ್ಲ. ಗ್ಯಾರೇಜಿನವರ ರೋಟರಿ ಮಷಿನ್ ಬರೀ ಗಿರಗಿರ ತಿರುಗುತ್ತಾ ವೇಗವಾಗಿ ಕೆಲಸ ಮಾಡುತ್ತದೆ, ಆದರೆ ಕೈ ಪಳಗಿಲ್ಲದಿದ್ದರೆ ಅಷ್ಟೇ ವೇಗವಾಗಿ ಬಣ್ಣ ಸುಡುತ್ತದೆ. ಒಂದೆರಡು ಸಣ್ಣ ಗೀರು ಮಾತ್ರ ಇದ್ದರೆ ಮಷಿನ್ ಬೇಡವೇ ಬೇಡ, ಸ್ಪಂಜಿಗೆ ಪಾಲಿಶ್ ಹಚ್ಚಿ ಕೈಯಿಂದಲೇ ಮಾಡಿ.

ಇಡೀ ಕಾರಿಗೆ ಕೈ ಹಾಕುವ ಮುಂಚೆ ಒಂದೂವರೆ ಅಡಿ ಚೌಕದಲ್ಲಿ ಪರೀಕ್ಷೆ ಮಾಡಿ. ಮೊದಲು ಮೃದು ಪ್ಯಾಡ್, ನಯವಾದ ಪಾಲಿಶ್. ಅದರಿಂದ ಆಗದಿದ್ದರೆ ಮಾತ್ರ ಗಟ್ಟಿ ಪ್ಯಾಡ್, ಕಾಂಪೌಂಡ್ (ಹೆಚ್ಚು ಸವೆಸುವ ಒರಟು ಪಾಲಿಶ್). ನೇರ ಕಾಂಪೌಂಡಿನಿಂದ ಶುರುಮಾಡುವವರೇ ಜಾಸ್ತಿ, ನನಗೆ ಅದು ಒಪ್ಪಿಗೆಯಿಲ್ಲ.

ಪ್ಯಾಡಿಗೆ ಬಟಾಣಿ ಗಾತ್ರದ ಮೂರ್ನಾಲ್ಕು ಹನಿ ಸಾಕು. ಮಷಿನ್ ಆನ್ ಮಾಡುವ ಮೊದಲು ಪ್ಯಾಡನ್ನು ಬಣ್ಣಕ್ಕೆ ತಾಗಿಸಿ, ಇಲ್ಲದಿದ್ದರೆ ಗೋಡೆಗೆಲ್ಲಾ ಸಿಡಿಯುತ್ತದೆ. ಕಡಿಮೆ ವೇಗದಲ್ಲಿ ಹರಡಿ, ಆಮೇಲೆ ಮಷಿನ್ನಿನ ವೇಗದ ಗುಂಡಿಯನ್ನು 4 ಅಥವಾ 5ಕ್ಕೆ ಏರಿಸಿ. ಸೆಕೆಂಡಿಗೆ ಒಂದು ಇಂಚಿನ ಹಾಗೆ ನಿಧಾನವಾಗಿ ಸರಿಸಿ, ಪ್ರತಿ ಸಾಲು ಹಿಂದಿನ ಸಾಲಿನ ಅರ್ಧವನ್ನು ಮುಚ್ಚಲಿ. ಒಮ್ಮೆ ಅಡ್ಡ, ಒಮ್ಮೆ ಉದ್ದ, ಹೀಗೆ ಮೂರ್ನಾಲ್ಕು ಸುತ್ತು.

ಜೊತೆಗಾರರಿಗೆ ಇಲ್ಲಿ ಕೈತುಂಬ ಕೆಲಸವಿದೆ. ಮಷಿನ್ನಿನ ಪ್ಯಾಡ್ ಕೂರುವ ತಟ್ಟೆಯ ಅಂಚಿಗೆ ಮಾರ್ಕರ್‌ನಿಂದ ಒಂದು ಗೆರೆ ಎಳೆದಿಡಿ. ಆ ಗೆರೆ ತಿರುಗುತ್ತಿದೆಯಾ ಅಂತ ಅವರು ನೋಡುತ್ತಿರಬೇಕು. ನಿಂತಿತೆಂದರೆ ಒತ್ತಡ ಜಾಸ್ತಿಯಾಯಿತು, ಅಥವಾ ಮಷಿನ್ ಓರೆಯಾಯಿತು. ವೈರ್ ಬಣ್ಣದ ಮೇಲೆ ಎಳೆದಾಡದಂತೆ ಎತ್ತಿ ಹಿಡಿಯುವುದೂ, ಆಗಾಗ ಬಣ್ಣ ಮುಟ್ಟಿ ಬಿಸಿ ನೋಡುವುದೂ ಅವರದೇ. ಬಂಪರ್ ಪ್ಲಾಸ್ಟಿಕ್ಕಿನದು, ತಗಡಿನಂತೆ ಶಾಖ ಬಿಟ್ಟುಕೊಡುವುದಿಲ್ಲ, ಅಲ್ಲಿ ಇನ್ನೂ ಹುಷಾರಾಗಿರಬೇಕು. ನಡುವೆ ಕರೆಂಟ್ ಹೋಯಿತಾ? ಕಾಂಪೌಂಡ್ ಒಣಗುವ ಮುಂಚೆ ತಕ್ಷಣ ಒರೆಸಿಬಿಡಿ. ಒಂದೆರಡು ಭಾಗ ಮುಗಿದ ಮೇಲೆ ಪಾತ್ರ ಬದಲಿಸಿಕೊಳ್ಳಿ, ತೋಳು ಸೋತರೆ ಮಷಿನ್ ತಾನಾಗಿ ಓರೆಯಾಗುತ್ತದೆ.

ಹೊಳಪು ನಿಜವಾ ಅಂತ ನೋಡುವುದು

ಒರೆಸಿದ ಕೂಡಲೇ ಗೀರೆಲ್ಲಾ ಹೋಗಿದೆ ಅನ್ನಿಸುತ್ತದೆ. ಆದರೆ ಪಾಲಿಶಿನ ಎಣ್ಣೆ ಗೀರಿನೊಳಗೆ ತುಂಬಿಕೊಂಡು ಅದನ್ನು ಮರೆಮಾಡಿರಬಹುದು. ಆ ಎಣ್ಣೆ ತೆಗೆಯಲು ಒಂದು ಪಾಲು ಐಸೊಪ್ರೊಪೈಲ್ ಆಲ್ಕೋಹಾಲ್‌ಗೆ ನಾಲ್ಕೈದು ಪಾಲು ನೀರು ಬೆರೆಸಿ ಸಿಂಪಡಿಸಿ ಒರೆಸಿ. ನಂತರ ಎಲ್‌ಇಡಿ ಬ್ಯಾಟರಿಯನ್ನು ಓರೆಯಾಗಿ ಹಿಡಿದು ನೋಡಿ. ನೂರಕ್ಕೆ ಎಂಬತ್ತು ಭಾಗ ಹೋಗಿದ್ದರೆ ಅಲ್ಲಿಗೆ ನಿಲ್ಲಿಸಿ ಅನ್ನುವುದು ನನ್ನ ಅಭಿಪ್ರಾಯ. ಉಳಿದದ್ದು ಮೂರಡಿ ದೂರದಿಂದ ಯಾರಿಗೂ ಕಾಣುವುದಿಲ್ಲ. ಅದರ ಬೆನ್ನು ಹತ್ತಿದರೆ ಸವೆಯುವುದು ಕ್ಲಿಯರ್ ಕೋಟ್. 2000 ನಂಬರಿನ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ನಯವಾದ ಸ್ಯಾಂಡ್‌ಪೇಪರ್) ಹಾಕಿ ಉಜ್ಜುವ ವಿಡಿಯೊಗಳನ್ನು ನೋಡಿರುತ್ತೀರಿ. ಬಣ್ಣದ ದಪ್ಪ ಅಳೆಯುವ ಮೀಟರ್ ಕೈಯಲ್ಲಿಲ್ಲದೆ ಅದಕ್ಕೆ ಹೋಗಬೇಡಿ.

ಕಾಂಪೌಂಡ್ ಹಾಕಿದ ಕಡೆ ಸಣ್ಣ ಮಬ್ಬು ಉಳಿಯುತ್ತದೆ. ಬೇರೆ ಮೃದು ಪ್ಯಾಡಿನಲ್ಲಿ ನಯವಾದ ಪಾಲಿಶ್ ಒಮ್ಮೆ ಆಡಿಸಿದರೆ ಹೋಗುತ್ತದೆ. ಎರಡಕ್ಕೂ ಒಂದೇ ಪ್ಯಾಡ್ ಬಳಸಬೇಡಿ. ಕೊನೆಗೆ ಬಣ್ಣ ಕಾಯುವ ವ್ಯಾಕ್ಸ್ ಅಥವಾ ಸೀಲಂಟ್ ತೆಳ್ಳಗೆ ಹಚ್ಚಿ. ದಪ್ಪ ಹಚ್ಚಿದರೆ ಒರೆಸುವ ಕಷ್ಟ ಹೆಚ್ಚೇ ಹೊರತು ಲಾಭವಿಲ್ಲ.

ಇನ್ನು ಮುಂದೆ ಒಣ ಬಟ್ಟೆ ಮತ್ತು ಧೂಳು ಹೊಡೆಯುವ ಕುಚ್ಚು, ಎರಡನ್ನೂ ಕಾರಿನಿಂದ ದೂರವಿಡಿ. ಆಯುಧ ಪೂಜೆಗೆ ವಿಭೂತಿ ಹಚ್ಚುವಾಗ ಒಣದಾಗಿ ಉಜ್ಜದೆ ನೀರಿನಲ್ಲಿ ಕಲಸಿ ಹಚ್ಚಿ. ನಿಂಬೆ ರಸ ಬಿದ್ದಿದ್ದರೆ ಪೂಜೆ ಮುಗಿದ ಸಂಜೆಯೇ ನೀರು ಹಾಕಿ. ವಿಭೂತಿ, ಕುಂಕುಮವನ್ನು ಮರುದಿನ ತೆಗೆಯುವಾಗಲೂ ಮೊದಲು ನೀರು ಹರಿಸಿ, ಆಮೇಲೆ ಬಟ್ಟೆ.